ಕಾಯುವ ಲೇಪ, ಕಾಡುವ ಲೇಪ

ಬಣ್ಣ ಬಳಿದ ಬಾಗಿಲಿಗಾಗಲಿ, ಬರೆದ ಚಿತ್ರಕ್ಕಾಗಲಿ ಮೇಲೊಂದು ಪಾರದರ್ಶಕ ಲೇಪವನ್ನು ಕೊಡುವುದು ನಮಗೆಲ್ಲ ಪರಿಚಿತವಾದ ಸಂಗತಿ. ಬಳಕೆಯ ಮಾತಿನಲ್ಲಿ ಅದನ್ನು ವಾರ್ನಿಷ್ ಎನ್ನುತ್ತೇವೆ. ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು, ಕುಂಚ ಹಿಡಿದವನಲ್ಲ. ಆದರೂ ಈ ಲೇಪದ ಕಥೆಯಲ್ಲಿ ಸಾಹಿತ್ಯದ ವಿದ್ಯಾರ್ಥಿಗೂ ಬೇಕಾದ ವಿವೇಕವೊಂದು ಇದೆಯೆಂದು ನನಗೆ ತೋರಿದೆ.

ಲೇಪ ಮಾಡುವ ಕೆಲಸ ಎರಡು. ಧೂಳು, ಹೊಗೆ, ಉಜ್ಜಾಟಗಳಿಂದ ಬಣ್ಣವನ್ನು ಕಾಯುವುದು ಒಂದು. ಬಣ್ಣಕ್ಕೆ ಆಳವನ್ನು ತರುವುದು ಇನ್ನೊಂದು. ಹೊಳೆಯ ದಂಡೆಯಲ್ಲಿ ಒಣಗಿ ಬಿದ್ದ ಕಲ್ಲು ಮಂಕಾಗಿ ಕಾಣುತ್ತದೆ. ನೀರಿನಲ್ಲಿ ಅದ್ದಿದೊಡನೆ ಅದರ ಕೆಂಪು, ಹಸುರು ಎದ್ದು ಬರುತ್ತವೆ. ಒಣ ಮೈಯ ಸೂಕ್ಷ್ಮವಾದ ಒರಟುತನ ಬೆಳಕನ್ನು ಎಲ್ಲ ಕಡೆಗೂ ಚೆದರಿಸುತ್ತದೆ. ನೀರು ಆ ಒರಟನ್ನು ತುಂಬಿ ನುಣುಪಾಗಿಸುತ್ತದೆ. ವಾರ್ನಿಷ್ ಮಾಡುವುದೂ ಇದನ್ನೇ, ಆದರೆ ಅದು ಆರಿಹೋಗುವುದಿಲ್ಲ.

ಆರಿಹೋಗದಿದ್ದರೂ ಅದಕ್ಕೆ ಮುಪ್ಪು ತಪ್ಪಿದ್ದಲ್ಲ. ಮರದ ರಾಳದಿಂದ ಮಾಡಿದ ಲೇಪ ಗಾಳಿ ಬೆಳಕುಗಳಿಗೆ ಸಿಕ್ಕಿ ಹಳದಿಯಾಗುತ್ತದೆ, ಕ್ರಮೇಣ ಕಂದುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ನಗರರಕ್ಷಕರ ಚಿತ್ರಕ್ಕೆ ‘ರಾತ್ರಿಯ ಪಹರೆ’ ಎಂಬ ಹೆಸರು ಅಂಟಿಕೊಂಡದ್ದು ಅವನು ತೀರಿಕೊಂಡು ಬಹುಕಾಲವಾದ ಮೇಲೆ, ವಾರ್ನಿಷೂ ಕೊಳೆಯೂ ಕಪ್ಪಿಟ್ಟಿದ್ದಾಗ. 1940ರ ದಶಕದಲ್ಲಿ, ಮಹಾಯುದ್ಧ ಮುಗಿದ ಬಳಿಕ, ಅದನ್ನು ಶುಚಿಗೊಳಿಸಿದಾಗ ಒಳಗಿದ್ದುದು ಹಗಲ ಬೆಳಕೆಂದು ಜನ ಕಂಡರು. ಹಳೆಯ ತೈಲವರ್ಣ ಗಟ್ಟಿಯಾಗಿ, ಮೇಲಿನ ರಾಳ ಮಾತ್ರ ದ್ರಾವಕಕ್ಕೆ ಕರಗುವಂತಿದ್ದುದರಿಂದ ಅದು ಸಾಧ್ಯವಾಯಿತು.

ಅಜಂತೆಯ ಗುಹೆಗಳ ಕಥೆ ಇಷ್ಟು ಸುಲಭದ್ದಲ್ಲ. ಅಲ್ಲಿನ ಬಣ್ಣ ಅಂಟಿನಲ್ಲಿ ಕಲಸಿ ಮಣ್ಣಿನ ಗಿಲಾವಿನ ಮೇಲೆ ಹಚ್ಚಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರತಿ ತೆಗೆಯಲು ಬಂದವರು ಚಿತ್ರ ಸ್ಪಷ್ಟವಾಗಿ ಕಾಣಲೆಂದು ವಾರ್ನಿಷ್ ಬಳಿದರು. 1920ರ ದಶಕದ ಆರಂಭದಲ್ಲಿ ನಿಜಾಮರ ಸರ್ಕಾರ ಚೆಕ್ಕೋನಿ, ಓರ್ಸಿನಿ ಎಂಬ ಇಬ್ಬರು ಇಟಲಿಯ ತಜ್ಞರನ್ನು ಕರೆಸಿತು. ಕಳಚಿ ಬೀಳುತ್ತಿದ್ದ ಗಿಲಾವನ್ನು ಅವರು ಗೋಡೆಗೆ ಭದ್ರಪಡಿಸಿದರು. ಆ ಉಪಕಾರ ದೊಡ್ಡದು. ಆದರೆ ಚಿತ್ರಗಳ ಮೇಲೆ ಅರಗಿನ ಲೇಪವನ್ನೂ ಹಚ್ಚಿದರು. ಕಾಲ ಕಳೆದಂತೆ ಅರಗು ಕಂದಿತು. ಬಿಳಿ ಹಳದಿಯಾಯಿತು, ನೀಲಿ ಮಾಸಿತು, ಧೂಳು ಲೇಪದಡಿಯಲ್ಲೇ ಸೆರೆಯಾಯಿತು. ಹಳೆಯದಾದಷ್ಟೂ ಅರಗು ಸುಲಭವಾಗಿ ಕರಗುವುದಿಲ್ಲ. ಅದನ್ನು ಬಿಡಿಸುವ ಕೆಲಸ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪಾಲಿಗೆ ಬಂದು, ದಶಕಗಳ ಕಾಲ ಅಂಗುಲ ಅಂಗುಲವಾಗಿ ನಡೆಯಿತು.

ಬಳಿದವರ ಉದ್ದೇಶ ಶುದ್ಧವಾಗಿತ್ತೆಂಬುದೇ ಇಲ್ಲಿ ಯೋಚಿಸತಕ್ಕ ವಿಷಯ. ಆದ್ದರಿಂದಲೇ ಇಂದಿನ ಸಂರಕ್ಷಕರು, ಹಚ್ಚಿದ್ದನ್ನು ಮುಂದಿನವರು ಮೂಲಕ್ಕೆ ನೋವಾಗದಂತೆ ತೆಗೆಯುವಂತಿರಬೇಕು, ಏನು ಹಚ್ಚಿದೆವೆಂಬುದನ್ನು ಬರೆದಿಡಬೇಕು ಎನ್ನುತ್ತಾರೆ. ಗೋಡೆಯೊಳಗಿನ ತೇವಕ್ಕೆ ಹೊರಬರಲು ದಾರಿಯನ್ನೂ ಉಳಿಸಬೇಕು. ದಾರಿ ಮುಚ್ಚಿದರೆ ಲೇಪದೊಡನೆ ಬಣ್ಣವೂ ಹಕ್ಕಳೆಯೇಳುತ್ತದೆ.

ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಈ ಮಾತು ಹೊಸದಲ್ಲ. ವ್ಯಾಖ್ಯಾನ ಮೂಲದಿಂದ ಬೇರೆಯಾಗಿ ನಿಂತಿರುತ್ತದೆ, ಬೇಡವೆಂದರೆ ಬದಿಗಿಡಬಹುದು. ಮೂಲದೊಳಗೇ ಬೆರೆತ ಪ್ರಕ್ಷಿಪ್ತ ಪದ್ಯವನ್ನು ಬಿಡಿಸುವುದು ಬಹಳ ಕಷ್ಟ.

ನಮ್ಮ ನಾಡಿನಲ್ಲೂ ಹಂಪೆಯ ವಿರೂಪಾಕ್ಷನ ಗುಡಿ, ಸೀಬಿಯ ನರಸಿಂಹನ ಗುಡಿ ಮೊದಲಾದೆಡೆ ಹಳೆಯ ಚಿತ್ರಗಳಿವೆ. ಹೆಸರಿಲ್ಲದ ಸಣ್ಣ ಗುಡಿಗಳಲ್ಲೂ ಇಂಥವು ಇರುತ್ತವೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ, ಚಿತ್ರ ಮಿಂಚಲಿ ಎಂದು ಯಾರಾದರೂ ವಾರ್ನಿಷ್ ಡಬ್ಬಿ ತೆರೆಯಲು ಹೊರಟರೆ, ಮೊದಲು ಪುರಾತತ್ತ್ವ ಇಲಾಖೆಗೊಂದು ಕಾಗದ ಬರೆಯುವಂತೆ ಅವರಿಗೆ ಹೇಳಿ. ತಿಳಿದವರು ಬಂದು ನೋಡುವವರೆಗೆ ಆ ಬಣ್ಣ ಮಂಕಾಗಿಯೇ ಇರಲಿ.