ಕೆಲಸ ಹೋದರೂ ದಿನ ಉಳಿಯಲಿ

2020ನೇ ಇಸವಿಯ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ, ಸುಮಾರು ಒಂಬತ್ತು ಗಂಟೆಗೆ, ಶಂಕರಪುರದ ಕಡೆಯ ಒಂದು ಕುಟುಂಬವನ್ನು ಭೇಟಿಯಾಗಲು ಹೋಗಿದ್ದೆವು. ಮನೆಯ ಯಜಮಾನರು ಹತ್ತೊಂಬತ್ತು ವರ್ಷ ಕೊಲ್ಲಿ ರಾಷ್ಟ್ರವೊಂದರಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಕೊರೋನಾ ಕಾಲದಲ್ಲಿ ಕಂಪೆನಿಯು ಅನೇಕರನ್ನು ಮನೆಗೆ ಕಳುಹಿಸಿದಾಗ ಅವರೂ ಊರಿಗೆ ಮರಳಿದ್ದರು. ನಾವು ಹೋದಾಗ ಅವರು ಆಗಷ್ಟೇ ಎದ್ದು ಜಗಲಿಯಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದರು. ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಅವರ ಪತ್ನಿ, ಬೆಳಕು ಹರಿಯುವ ಹೊತ್ತಿಗೆ ಕೊಯ್ದ ಮಲ್ಲಿಗೆ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮುಗಿಸುತ್ತಿದ್ದರು. ಮಾತಿನ ನಡುವೆ ಯಜಮಾನರು ಆಡಿದ ಒಂದು ವಾಕ್ಯ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. "ಫಾದರ್, ಕೆಲಸ ಹೋದದ್ದನ್ನು ಹೇಗೋ ತಡೆದುಕೊಂಡೆ. ದಿನವೇ ಹೋಯಿತಲ್ಲ, ಅದಕ್ಕೇನು ಮಾಡುವುದು?"

ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಇಂತಹ ಅನಿಶ್ಚಿತತೆ ಹೊಸದೇನಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ನಾವು ಸೆಮಿನರಿಯ ವಿದ್ಯಾರ್ಥಿಗಳು. ಅಮ್ಮಾನ್ ನಗರದ ಮೂಲಕ ಒಂದು ಲಕ್ಷದ ಎಪ್ಪತ್ತು ಸಾವಿರದಷ್ಟು ಭಾರತೀಯರನ್ನು ವಿಮಾನಗಳಲ್ಲಿ ಕರೆತಂದ ಆ ದಿನಗಳಲ್ಲಿ, ಒಂದು ಪೆಟ್ಟಿಗೆಯೊಡನೆ ಮನೆ ಸೇರಿದ ತಂದೆಯಂದಿರನ್ನು ನಾವು ಕಂಡಿದ್ದೇವೆ. ಮೂವತ್ತು ವರ್ಷಗಳ ಬಳಿಕ, 2020ರ ಮೇ 12ರಂದು, ದುಬಾಯಿಯಿಂದ ಮಂಗಳೂರಿಗೆ ಬಂದ ಮೊದಲ 'ವಂದೇ ಭಾರತ್' ವಿಮಾನದಲ್ಲಿ ಅದೇ ಕಥೆ ಮರುಕಳಿಸಿತು. 2023ರ ಆರಂಭದಲ್ಲಿ ಜಗತ್ತಿನ ದೊಡ್ಡ ದೊಡ್ಡ ಸಾಫ್ಟ್‌ವೇರ್ ಕಂಪೆನಿಗಳು ಸಾವಿರಗಟ್ಟಲೆ ನೌಕರರನ್ನು ಕೈಬಿಟ್ಟಾಗ, ಬೆಂಗಳೂರಿನಲ್ಲಿರುವ ಮಕ್ಕಳ ತಾಯಂದಿರು ಪೂಜೆಯ ಬಳಿಕ ನಮ್ಮ ಬಳಿ ನಿಂತು ತಗ್ಗಿದ ದನಿಯಲ್ಲಿ ಮಾತನಾಡತೊಡಗಿದರು. ಊರು ಬೇರೆ, ವಿದ್ಯೆ ಬೇರೆ; ಆತಂಕ ಮಾತ್ರ ಒಂದೇ.

ಆ ಯಜಮಾನರ ಮಾತಿಗೆ ನಮಗೆ ಅಂದು ತಕ್ಷಣ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಎಂದೋ ಓದಿದ್ದ ಒಂದು ಅಧ್ಯಯನದ ನೆನಪು. ಆಸ್ಟ್ರಿಯಾ ದೇಶದ ವಿಯೆನ್ನಾ ನಗರಕ್ಕೆ ಸಮೀಪದಲ್ಲಿ ಮರಿಯೆಂಥಾಲ್ ಎಂಬ ಪುಟ್ಟ ಊರಿದೆ. ಊರಿನ ಬಹುತೇಕ ಎಲ್ಲರಿಗೂ ಅನ್ನವಿತ್ತ ಅಲ್ಲಿಯ ಬಟ್ಟೆ ಗಿರಣಿ, ಜಗತ್ತನ್ನೇ ಕಾಡಿದ ಆರ್ಥಿಕ ಕುಸಿತದ ಕಾಲದಲ್ಲಿ ಮುಚ್ಚಿಹೋಯಿತು. ಮಾರಿ ಯಾಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಮೂವರು ತರುಣ ವಿದ್ವಾಂಸರು ಸಂಗಡಿಗರೊಡನೆ ಆ ಊರಿನ ಜೀವನವನ್ನು ಹತ್ತಿರದಿಂದ ಅಭ್ಯಸಿಸಿ, 1933ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕೆಲಸವಿಲ್ಲದವರಿಗೆ ಓದಲು ಬೇಕಾದಷ್ಟು ಸಮಯವಿರುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಅಲ್ಲಿ, ಗಿರಣಿ ಮುಚ್ಚಿದ ಮೇಲೆ, ಗ್ರಂಥಾಲಯದಿಂದ ಪುಸ್ತಕ ಒಯ್ಯುವವರ ಲೆಕ್ಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಗಂಡಸರು ಬೀದಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದರು, ಅಲ್ಲಲ್ಲಿ ನಿಲ್ಲುತ್ತಿದ್ದರು. ಬಹುಮಂದಿ ಕೈಗಡಿಯಾರ ಧರಿಸುವುದನ್ನೇ ಬಿಟ್ಟಿದ್ದರು. ಹೆಂಗಸರ ನಡಿಗೆ ಮಾತ್ರ ಅಷ್ಟು ನಿಧಾನವಾಗಿರಲಿಲ್ಲ. ಸಂಬಳ ಹೋಗಿದ್ದರೂ ಅಡುಗೆ, ಒಗೆತ, ಮಕ್ಕಳ ಪಾಲನೆ ಅವರ ದಿನಕ್ಕೆ ಒಂದು ಆಕಾರ ಕೊಟ್ಟಿದ್ದವು.

ಸಂಬಳದ ಜೊತೆಯಲ್ಲೇ ಉದ್ಯೋಗವು ನಮಗೆ ಒಂದು ವೇಳಾಪಟ್ಟಿಯನ್ನೂ ಕೊಟ್ಟಿರುತ್ತದೆ. ಏಳುವ ಹೊತ್ತು, ಉಣ್ಣುವ ಹೊತ್ತು, ನಾಲ್ಕು ಜನರ ಮುಖ ನೋಡುವ ಹೊತ್ತು, ಎಲ್ಲವೂ ಅದರೊಳಗೆ ಅಡಕ. ನಾವು ಅದನ್ನು ನಮ್ಮ ಶಿಸ್ತೆಂದು ತಿಳಿದು ಹೆಮ್ಮೆಪಡುತ್ತೇವೆ. ವಾಸ್ತವದಲ್ಲಿ ಅದು ಎರವಲು. ಕೆಲಸ ಹೋದ ದಿನ ಮಾಲೀಕನು ಗುರುತಿನ ಚೀಟಿಯನ್ನು ಹಿಂದಕ್ಕೆ ಪಡೆಯುವಂತೆ ಅದೂ ಹಿಂದಕ್ಕೆ ಹೋಗುತ್ತದೆ.

ಇದನ್ನು ಇನ್ನೊಬ್ಬರ ಮೇಲಿನ ತೀರ್ಪಾಗಿ ಹೇಳುತ್ತಿಲ್ಲ. ಸೆಮಿನರಿಯಲ್ಲಿ ಮುಂಜಾನೆ ಐದಕ್ಕೆ ಗಂಟೆ ಬಾರಿಸುತ್ತಿತ್ತು, ನಾವು ಏಳುತ್ತಿದ್ದೆವು. ಧ್ಯಾನಕ್ಕೊಂದು ಗಂಟೆ, ಪಾಠಕ್ಕೊಂದು ಗಂಟೆ, ಮೌನಕ್ಕೂ ಒಂದು ಗಂಟೆ. ವರ್ಷಗಟ್ಟಲೆ ಹಾಗೆ ಬದುಕಿ, ನಾವು ಬಲು ಶಿಸ್ತಿನ ಮನುಷ್ಯರೆಂದು ನಂಬಿದ್ದೆವು. ಗುರುದೀಕ್ಷೆಯ ಬಳಿಕ ಸಹಾಯಕ ಗುರುವಾಗಿ ಮೊದಲ ಧರ್ಮಕೇಂದ್ರಕ್ಕೆ ಹೋದಾಗ ಅಲ್ಲಿ ನಮಗಾಗಿ ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ಮೂರು ತಿಂಗಳೊಳಗೆ ಬೆಳಗಿನ ಧ್ಯಾನ ಪೂಜೆಗೆ ಮುಂಚಿನ ಐದು ನಿಮಿಷಕ್ಕೆ ಇಳಿದಿತ್ತು; ತತ್ವಶಾಸ್ತ್ರದ ಪುಸ್ತಕಗಳ ಪೆಟ್ಟಿಗೆಯನ್ನು ಬಿಚ್ಚಿಯೇ ಇರಲಿಲ್ಲ. ಎದ್ದು ನಿಲ್ಲಿಸುತ್ತಿದ್ದದ್ದು ಗಂಟೆ, ನಾವಲ್ಲ ಎಂಬುದು ಆಗ ತಿಳಿಯಿತು.

ಆ ಪೆಟ್ಟಿಗೆಯಲ್ಲೇ ಇದ್ದ ಸಂತ ಥಾಮಸ್ ಅಕ್ವಿನಾಸರು ಇದೇ ವಿಷಯವನ್ನು ಹದಿಮೂರನೆಯ ಶತಮಾನದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಅವರು ಬಳಸುವ ಲ್ಯಾಟಿನ್ ಪದ 'ಹಾಬಿತುಸ್'. 'ಹೊಂದಿರು' ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ ಮಾತದು. ಎಂದರೆ ಅಭ್ಯಾಸವೆಂಬುದು ಮನುಷ್ಯನು ತನ್ನದಾಗಿಸಿಕೊಂಡ ಸ್ವತ್ತು. (ಸನ್ಯಾಸಿಗಳು ತೊಡುವ ನಿಲುವಂಗಿಯ ಇಂಗ್ಲಿಷ್ ಹೆಸರೂ ಇದೇ ಮೂಲದ್ದು, ಅಂಗಿ ತೊಟ್ಟ ಮಾತ್ರಕ್ಕೆ ಸ್ವತ್ತು ಕೈಗೆ ಬಂದಂತಾಗುವುದಿಲ್ಲ ಎಂಬುದನ್ನು ನಾವು ಮೇಲೆ ಒಪ್ಪಿಕೊಂಡೆವಷ್ಟೆ.) ಅಂತಹ ಗುಣ ಸಾಮಾನ್ಯವಾಗಿ ಒಂದು ಕೃತ್ಯದಿಂದ ನೆಲೆಗೊಳ್ಳುವುದಿಲ್ಲ, ಮರಳಿ ಮರಳಿ ಮಾಡುವುದರಿಂದ ಬೇರೂರುತ್ತದೆ, ಮಾಡದೆ ಬಿಟ್ಟರೆ ಸವೆಯುತ್ತದೆ ಎಂಬುದು ಅವರ ವಾದದ ಸಾರ. ಇನ್ನೂ ಮುಖ್ಯವಾದ ಮಾತೆಂದರೆ, ಅದು ನಾವು ಇಚ್ಛಿಸಿದಾಗ ಬಳಸಬಲ್ಲ ಶಕ್ತಿ. ನಮ್ಮನ್ನು ಎಳೆದೊಯ್ಯುವ ಯಂತ್ರವಲ್ಲ.

ಕನ್ನಡವು ಈ ಭೇದವನ್ನು ಎರಡು ಪದಗಳಲ್ಲಿ ಇಟ್ಟುಕೊಂಡಿದೆ: ಅಭ್ಯಾಸ ಮತ್ತು ಚಟ. ಕಲಿಯುವುದನ್ನು ನಾವು ವಿದ್ಯಾಭ್ಯಾಸ ಎನ್ನುತ್ತೇವೆ, ವಿದ್ಯಾಚಟ ಎನ್ನುವುದಿಲ್ಲ. ಅಭ್ಯಾಸವನ್ನು ನಾವು ಹಿಡಿಯುತ್ತೇವೆ. ಚಟ ನಮ್ಮನ್ನು ಹಿಡಿಯುತ್ತದೆ. ಬರಿದಾದ ದಿನವನ್ನು ಅಭ್ಯಾಸ ತುಂಬದಿದ್ದರೆ ಚಟ ತುಂಬುತ್ತದೆಂಬುದಕ್ಕೆ ನಮ್ಮ ಸಮುದಾಯದಲ್ಲಿ ಸಾಕ್ಷಿಗಳ ಕೊರತೆಯಿಲ್ಲ. ಊರಿಗೆ ಮರಳಿದವರ ಗ್ಲಾಸು ಮೊದಲು ರಾತ್ರಿ ಎಂಟಕ್ಕೆ ಕಾಣಿಸಿಕೊಳ್ಳುತ್ತದೆ, ಆಮೇಲೆ ಸಂಜೆ ಆರಕ್ಕೆ, ಆಮೇಲೆ ಮಧ್ಯಾಹ್ನದ ಊಟಕ್ಕೆ ಮೊದಲು. ಎಷ್ಟೋ ಮನೆಗಳ ಮಡದಿಯರು ನಮ್ಮೆದುರು ಅತ್ತದ್ದು ಸಂಬಳ ನಿಂತದ್ದಕ್ಕಲ್ಲ, ಈ ಗಡಿಯಾರ ಹಿಂದೆ ಸರಿಯುವುದಕ್ಕೆ.

'ಹುಟ್ಟುಗುಣ ಸುಟ್ಟರೂ ಹೋಗದು' ಎಂದು ನಮ್ಮ ಹಿರಿಯರು ಹೇಳುತ್ತಾರೆ. ಗಾದೆಗೆ ಗೌರವವಿರಲಿ, ಆದರೆ ಐವತ್ತು ದಾಟಿದವನು ಹೊಸ ಅಭ್ಯಾಸ ಹಿಡಿಯಲಾರನೆಂಬುದಕ್ಕೆ ಅದನ್ನು ಆಧಾರವಾಗಿ ಬಳಸುವುದು ತಪ್ಪು. ಇನ್ನು ಕೆಲವು ಭಾಷಣಕಾರರು 21 ದಿನಗಳಲ್ಲಿ ಯಾವ ಅಭ್ಯಾಸವನ್ನಾದರೂ ಬೆಳೆಸಬಹುದೆಂದು ಭರವಸೆ ಕೊಡುತ್ತಾರೆ. ಅದೂ ಸರಿಯಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು 84 ದಿನಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನನಿತ್ಯದ ಒಂದು ಸಣ್ಣ ಕ್ರಿಯೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾದೀತೆಂದು ಅವರ ಲೆಕ್ಕ. ಆ ಮಂದಿ ತಮ್ಮ ಹೊಸ ಕ್ರಿಯೆಯನ್ನು ದಿನವೂ ಬರುವ ಒಂದು ಸಂದರ್ಭಕ್ಕೆ, ಉದಾಹರಣೆಗೆ ಬೆಳಗಿನ ತಿಂಡಿಗೆ, ಕಟ್ಟಿಕೊಂಡಿದ್ದರು. ಮಧ್ಯೆ ಒಂದು ದಿನ ತಪ್ಪಿದರೆ ಬೆಳೆದದ್ದೇನೂ ಅಳಿಸಿಹೋಗಲಿಲ್ಲ. ತಪಸ್ಸುಕಾಲದ ಸಂಕಲ್ಪವನ್ನು ಮೊದಲ ವಾರವೇ ಮುರಿದು, 'ಇನ್ನು ಮುಂದಿನ ವರ್ಷ ನೋಡೋಣ' ಎನ್ನುವವರು ಈ ಮಾತನ್ನು ಗಮನಿಸಬೇಕು.

ದಿನವೂ ಬರುವ ಸಂದರ್ಭವನ್ನು ನಾವೇನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಂಜೆಯ ಆಮೊರಿಯ ಗಂಟೆ, ಅದರ ಬಳಿಕ ಮನೆಮಂದಿಯ ಜಪಸರ, ಕೊನೆಯಲ್ಲಿ ಮಕ್ಕಳು ಹಿರಿಯರ ಆಶೀರ್ವಾದ ಬೇಡುವುದು: ಇದು ನಮ್ಮ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಊರಿನಿಂತ ಗೂಟ. ಯಾವ ಕಂಪೆನಿಯೂ ಅದನ್ನು ಕೊಟ್ಟದ್ದಲ್ಲ, ಯಾವ ಕಂಪೆನಿಯೂ ಕಿತ್ತುಕೊಳ್ಳಲಾರದು. ಜಪಸರದ ಬಳಿಕ ಊಟಕ್ಕೆ ಮೊದಲು ಅರ್ಧ ಗಂಟೆ ಎಂದು ಗೊತ್ತುಮಾಡಿಕೊಂಡರೆ, ಆ ಅರ್ಧ ಗಂಟೆಗೆ ನಿಲ್ಲಲು ನೆಲ ಸಿಗುತ್ತದೆ. 'ಸಮಯ ಸಿಕ್ಕಾಗ ಓದುತ್ತೇನೆ' ಎಂದವನಿಗೆ ಸಮಯ ಸಿಕ್ಕಿದ್ದನ್ನು ನಾವು ಕಂಡಿಲ್ಲ.

ಲೆಕ್ಕ ಇಡುವುದಕ್ಕೂ ನಮ್ಮ ಪರಂಪರೆಯಲ್ಲಿ ಒಂದು ದಾರಿಯಿದೆ. ಸಂತ ಇಗ್ನೇಷಿಯಸ್ ಲೊಯೋಲಾರು ತಮ್ಮ ಆತ್ಮಸಾಧನೆಯ ಕೈಪಿಡಿಯಲ್ಲಿ ವಾರದ ಪ್ರತಿ ದಿನಕ್ಕೂ ಗೆರೆ ಎಳೆಯಲು ಹೇಳುತ್ತಾರೆ. ಬಿಡಬೇಕೆಂದುಕೊಂಡ ಒಂದೇ ಒಂದು ದೋಷವನ್ನು ಆರಿಸಿ, ಮಧ್ಯಾಹ್ನ ಒಮ್ಮೆ, ರಾತ್ರಿ ಊಟದ ಬಳಿಕ ಇನ್ನೊಮ್ಮೆ ತನ್ನನ್ನು ತಾನು ಕೇಳಿಕೊಂಡು, ತಪ್ಪಿದಷ್ಟು ಸಲ ಗೆರೆಯ ಮೇಲೆ ಚುಕ್ಕೆ ಇಡಬೇಕು. ಬಳಿಕ ಇಂದಿನ ಚುಕ್ಕೆಗಳನ್ನು ನಿನ್ನೆಯವುಗಳೊಡನೆ, ಈ ವಾರದವನ್ನು ಕಳೆದ ವಾರದವುಗಳೊಡನೆ ಹೋಲಿಸಬೇಕು. ಪಕ್ಕದ ಮನೆಯವರ ಚುಕ್ಕೆಗಳೊಡನೆ ಹೋಲಿಸಿರೆಂದು ಅವರು ಎಲ್ಲಿಯೂ ಹೇಳಿಲ್ಲ. ಗೋಡೆಯ ಕ್ಯಾಲೆಂಡರಿನ ಮೇಲೂ ಈ ಕೆಲಸವನ್ನು ಮಾಡಬಹುದು.

ಆ ಯಜಮಾನರಿಗೆ ನಾವು ಹೇಳಿದ್ದು ಇಷ್ಟೆಲ್ಲ ಅಲ್ಲ. ಮರಿಯೆಂಥಾಲ್ ಕಥೆಯನ್ನು ಹೇಳಿ, "ನಿಮ್ಮ ಮನೆಯಲ್ಲೇ ಒಬ್ಬರ ದಿನ ಇನ್ನೂ ಕಳೆದುಹೋಗಿಲ್ಲ, ಅವರೊಡನೆ ಸೇರಿಕೊಳ್ಳಿ" ಎಂದೆವು. ಅವರ ಪತ್ನಿ ನಕ್ಕರು. ಆ ವರ್ಷದ ಲಾಕ್‌ಡೌನಿನ ವಾರಗಳಲ್ಲಿ ಹೂವಿಗೆ ಬೇಡಿಕೆಯೇ ಇಲ್ಲದಿದ್ದಾಗಲೂ ಆಕೆ ಕೈಗೆ ಸಿಕ್ಕಷ್ಟು ಮೊಗ್ಗು ಕೊಯ್ದು ಮನೆಯ ಪೀಠಕ್ಕೆ ಏರಿಸಿದ್ದರಂತೆ. "ಒಮ್ಮೆ ಕೈ ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ ಫಾದರ್" ಎಂದರು. ಅಕ್ವಿನಾಸರು ಅದನ್ನೇ ಹೇಳಲು ಹೆಚ್ಚು ಪುಟ ತೆಗೆದುಕೊಂಡಿದ್ದಾರೆ.

ಮಲ್ಲಿಗೆ ಕೃಷಿಯನ್ನು ಬಲ್ಲವರಿಗೆ ಗೊತ್ತು: ಎಂಟು ನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆಯ ದರ ಮದುವೆಗಳ ಕಾಲದಲ್ಲಿ ಆಕಾಶಕ್ಕೇರಿ, ಬೇಡಿಕೆ ತಗ್ಗಿದಾಗ ನೆಲಕ್ಕಿಳಿಯುತ್ತದೆ. ಬೆಳೆಗಾರರ ಕೈಯಲ್ಲಿ ಅದಿಲ್ಲ. ಮೊಗ್ಗು ಅರಳುವ ಮೊದಲು ಕೊಯ್ಯುವುದು ಮಾತ್ರ ಅವರ ಕೈಯಲ್ಲಿದೆ.

ನವೆಂಬರಿನಿಂದ ಆ ಯಜಮಾನರೂ ಐದೂವರೆಗೆ ಎದ್ದು ತೋಟಕ್ಕಿಳಿಯತೊಡಗಿದರು. ಹೂ ಕಟ್ಟುವುದು ಅವರಿಗೆ ಬರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ಬೆಳಿಗ್ಗೆ ಏಳುವ ಹೊತ್ತೊಂದು ಸಿಕ್ಕಿತು. ಅದರ ಮೇಲೆ ಇನ್ನೊಂದನ್ನು ಕಟ್ಟಿದರು. ಸರಕಿನ ಲೆಕ್ಕ ಅವರಿಗೆ ಕರತಲಾಮಲಕ. ಆದರೆ 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅವರು ದೇಶದಲ್ಲೇ ಇರಲಿಲ್ಲ, ಇಲ್ಲಿಯ ಅಂಗಡಿಗಳ ಲೆಕ್ಕದ ಕ್ರಮ ಅವರಿಗೆ ಪರಕೀಯವಾಗಿತ್ತು. ನೆರೆಮನೆಯ ಬಿ.ಕಾಂ. ಓದುವ ಹುಡುಗಿ, ಅವರ ಮಗಳಿಗಿಂತಲೂ ಕಿರಿಯಳು, ಜಪಸರದ ಬಳಿಕ ದಿನವೂ ಮುಕ್ಕಾಲು ಗಂಟೆ ಕಂಪ್ಯೂಟರಿನಲ್ಲಿ 'ಟ್ಯಾಲಿ' ಕಲಿಸಿದಳು. ಮೊದಲ ವಾರ ನಾಚಿಕೆಯಿಂದ ಎರಡು ದಿನ ತಪ್ಪಿಸಿಕೊಂಡರೆಂದು ಅವರೇ ಹೇಳಿದರು. ಕ್ಯಾಲೆಂಡರಿನಲ್ಲಿ ಚುಕ್ಕೆಗಳೂ ಇದ್ದವು.

ಒಂಬತ್ತು ತಿಂಗಳ ಬಳಿಕ ಅವರಿಗೆ ಪೇಟೆಯ ಒಂದು ಕಟ್ಟಡ ಸಾಮಗ್ರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಹಿಂದಿನದರ ಮೂರರಲ್ಲಿ ಒಂದು ಪಾಲು. ಮಗಳ ನರ್ಸಿಂಗ್ ಶುಲ್ಕಕ್ಕೆ ಸಾಲ ಮಾಡಬೇಕಾಯಿತು, ಆ ಸಾಲ ಇನ್ನೂ ಪೂರ್ತಿ ತೀರಿಲ್ಲ. ಒಳ್ಳೆಯ ಅಭ್ಯಾಸವಿದ್ದವನಿಗೆ ಎಲ್ಲವೂ ಒದಗಿಬರುತ್ತದೆಂದು ಸಾರುವ ಪುಸ್ತಕಗಳನ್ನು ನಾವು ನಂಬುವುದಿಲ್ಲ. ಹಾಗೆ ನಂಬಿದರೆ, ಒದಗಿಬಾರದವನನ್ನು ಸೋಮಾರಿ ಎನ್ನಬೇಕಾಗುತ್ತದೆ. ಬಾಕಿ ಸಂಬಳ ಕೊಡದೆ ಕಳುಹಿಸಿದವರ ಅನ್ಯಾಯವನ್ನು ಕಳುಹಿಸಲ್ಪಟ್ಟವನ ಶಿಸ್ತು ಸರಿಪಡಿಸಲಾರದು. ಅದು ಬೇರೆಯೇ ಹೋರಾಟ.

ಇನ್ನೊಂದು ಎಚ್ಚರಿಕೆ. ನಿದ್ರೆ, ಹಸಿವು, ಮಾತು ಎಲ್ಲವೂ ಬತ್ತಿ, ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ ಅದು ಕಾಯಿಲೆಯಿರಬಹುದು. ಅಂತಹವರಿಗೆ 'ಬೇಗ ಏಳು, ಪ್ರಾರ್ಥಿಸು' ಎಂದು ಉಪದೇಶಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನಾವೂ ಒಮ್ಮೆ ಉಪದೇಶ ಮಾತ್ರ ಕೊಟ್ಟು ಕಳುಹಿಸಿದ್ದೆವು. ಆ ತರುಣನ ತಾಯಿ ಎರಡು ತಿಂಗಳ ಬಳಿಕ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಅವನು ಗುಣಮುಖನಾಗಿದ್ದಾನೆ, ದೇವರಿಗೆ ವಂದನೆ. ನಮ್ಮ ಆ ತಪ್ಪು ಮಾತ್ರ ಮನಸ್ಸಿನಿಂದ ಮಾಸಿಲ್ಲ.

ಕಳೆದ ವಾರ ರೋಗಿಯೊಬ್ಬರಿಗೆ ಪರಮಪ್ರಸಾದ ಕೊಟ್ಟು ಮರಳುವಾಗ ಬೆಳಿಗ್ಗೆ ಏಳೂವರೆ ಆಗಿತ್ತು. ದಾರಿಯಲ್ಲಿ ಅದೇ ಜಗಲಿ ಕಾಣಿಸಿತು. ಪತ್ನಿ ಕಟ್ಟುತ್ತಿದ್ದರು, ಯಜಮಾನರು ಅಂಗಡಿಗೆ ಹೊರಡುವ ಅಂಗಿ ತೊಟ್ಟು, ಮೊಗ್ಗುಗಳನ್ನು ಎಣಿಸಿ ಅವರ ಮುಂದೆ ಗುಡ್ಡೆ ಹಾಕುತ್ತಿದ್ದರು. ಇವತ್ತು ಅಟ್ಟೆಗೆ ಎಷ್ಟು ಎಂದು ಬೇಲಿಯಾಚೆಯಿಂದಲೇ ವಿಚಾರಿಸಿದೆವು. "ದರ ಇನ್ನೂ ಬಂದಿಲ್ಲ ಫಾದರ್" ಎಂದು ಹೇಳಿ ಅವರು ಎಣಿಕೆ ಮುಂದುವರಿಸಿದರು.