ಎಂಟು ಸಾಲು, ಹನ್ನೆರಡು ಕುಳಿ

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಮೈಕ್ರೊಬಯಾಲಜಿ ಲ್ಯಾಬು. ಯಂತ್ರದೊಳಗೆ ರಕ್ತದ ಬಾಟಲಿಗಳು ಮೈಬಿಸಿಯಲ್ಲಿ ತೂಗಾಡುತ್ತಿವೆ. ಐಸಿಯುನಿಂದ ಬಂದ ಒಂದರ ತಳ ಹಳದಿಗೆ ತಿರುಗಿದೆ, ಒಳಗೇನೋ ಉಸಿರಾಡುತ್ತಿದೆ. ಯಂತ್ರ ಕೂಗುತ್ತದೆ. "ಪಾಸಿಟಿವ್ ಬಂತು" ಎನ್ನುತ್ತ ಟೆಕ್ನೀಷಿಯನ್ ಒಂದು ಹನಿಯನ್ನು ಸ್ಲೈಡಿಗೆ ಸವರಿ, ಗ್ರಾಂ ಸ್ಟೇನ್ ಹಾಕುತ್ತಾಳೆ. ಮೈಕ್ರೊಸ್ಕೋಪಿನಡಿ ಕಡುನೇರಳೆ ಕೋಶಗಳು, ಕೆಲವುಗಳ ಪಕ್ಕೆಯಲ್ಲಿ ಮರಿಮೊಗ್ಗು. ಬ್ಯಾಕ್ಟೀರಿಯಾ ಇಷ್ಟು ದಪ್ಪ ಇರುವುದಿಲ್ಲ.

ಫೋನು ಮೇಲಕ್ಕೆ ಹೋಗುತ್ತದೆ. "ಯೀಸ್ಟ್ ಕಾಣ್ತಿದೆ ಸರ್."

"ಫ್ಲುಕೊನಜೋಲ್ ಶುರು ಮಾಡ್ಲಾ?"

"ಇನ್ನೂ ಯಾವುದು ಅಂತ ಗೊತ್ತಿಲ್ಲ ಸರ್."

ಐಸಿಯು ಕಾಯುವುದಿಲ್ಲ, ಕಾಯಲೂಬಾರದು. ಕ್ಯಾಸ್ಪೊಫಂಜಿನ್ ಡ್ರಿಪ್ ಏರುತ್ತದೆ. ಯೀಸ್ಟಿನ ಕೋಶಭಿತ್ತಿಯನ್ನೇ ಕಟ್ಟಗೊಡದ ಮದ್ದು ಅದು. ಮಾತ್ರೆಯ ರೂಪದಲ್ಲಿ ಸಿಗದು, ಅಗ್ಗವೂ ಅಲ್ಲ.

ಮರುದಿನ ಬಣ್ಣದ ಅಗರಿನ ಮೇಲೆ ಬೆಳೆ. ಬಣ್ಣವೇ ಯೀಸ್ಟಿನ ಜಾತಿ ಹೇಳುತ್ತದೆ: ಆಲ್ಬಿಕಾನ್ಸ್ ಆದರೆ ಹಸಿರು, ಟ್ರಾಪಿಕಾಲಿಸ್ ಆದರೆ ನೀಲಿ, ಕ್ರುಸೈ ಆದರೆ ಮಂಕು ಗುಲಾಬಿ. ಕ್ರುಸೈಗೆ ಫ್ಲುಕೊನಜೋಲ್ ಹುಟ್ಟಿನಿಂದಲೇ ನಾಟುವುದಿಲ್ಲ. ಎಲ್ಲರೂ ಹೆದರುವುದು ಮಾತ್ರ ಆರಿಸ್‌ಗೆ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ಗುರುತಿಸಿದ್ದು. 2013ರಲ್ಲಿ ದೆಹಲಿಯ ಆಸ್ಪತ್ರೆಗಳ ರೋಗಿಗಳಲ್ಲಿ ಕಂಡದ್ದು ವರದಿಯಾಯಿತು. ಹಳೆಯ ಯಂತ್ರಗಳು ಇದನ್ನು ಹೀಮುಲೋನಿ ಎಂಬ ಇನ್ನೊಂದು ಜಾತಿಯೆಂದು ತಪ್ಪಾಗಿ ಹೆಸರಿಸುತ್ತಿದ್ದವು. ಬಹುಪಾಲು ತಳಿಗಳು ಫ್ಲುಕೊನಜೋಲ್‌ಗೆ ಬಗ್ಗುವುದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿ ಗಂಭೀರ ಶಿಲೀಂಧ್ರಗಳ ಸಾಲಿಗೆ ಸೇರಿಸಿತು.

ಈಗ ನಿಜವಾದ ಪರೀಕ್ಷೆ: ಎಷ್ಟು ಮದ್ದಿಗೆ ಯೀಸ್ಟ್ ಬಗ್ಗುತ್ತದೆ? ಮೇಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ, ಗೊಂಬೆಯಾಟದ ಪಡ್ಡಿನ ಹಂಚಿನಂತೆ ಪುಟ್ಟಪುಟ್ಟ 96 ಕುಳಿಗಳು. ಪ್ರತಿ ಸಾಲಿನ ಮೊದಲ ಕುಳಿಯಲ್ಲಿ ಮಿಲಿಲೀಟರಿಗೆ 64 ಮೈಕ್ರೊಗ್ರಾಂ ಫ್ಲುಕೊನಜೋಲ್, ಮುಂದಿನದರಲ್ಲಿ 32, ಆಮೇಲೆ 16. ಹೀಗೆ ಅರ್ಧರ್ಧವಾಗುತ್ತ ಹತ್ತನೆಯದರಲ್ಲಿ 0.125. ಹನ್ನೊಂದರಲ್ಲಿ ಮದ್ದಿಲ್ಲ, ಯೀಸ್ಟ್ ಮಾತ್ರ. ಹನ್ನೆರಡರಲ್ಲಿ ಎರಡೂ ಇಲ್ಲ. ಆರು ಸಾಲು ಆರು ರೋಗಿಗಳದು. ಉಳಿದೆರಡು, ಉತ್ತರ ಮೊದಲೇ ಗೊತ್ತಿರುವ ತಳಿಗಳದು. ಅವು ತಪ್ಪು ಹೇಳಿದರೆ ತಟ್ಟೆಯೇ ಕಸಕ್ಕೆ. 35 ಡಿಗ್ರಿ, 24 ಗಂಟೆ.

ತಟ್ಟೆ ಓದುವ ಹೊತ್ತಿಗೆ ಮೈಕ್ರೊಬಯಾಲಜಿಸ್ಟ್ ಮೇಡಂ ಬರುತ್ತಾರೆ. ಕೆಳಗೆ ಕನ್ನಡಿ ಹಿಡಿದರೆ ಕುಳಿಗಳ ತಳದಲ್ಲಿ ಬಿಳಿ ಗುಂಡಿಗಳು. ಆಂಫೊಟೆರಿಸಿನ್ ಎಂಬ ಮದ್ದಾದರೆ ಸುಲಭ: ಪೂರ್ತಿ ತಿಳಿಯಾದ ಕುಳಿ ಹುಡುಕಿದರಾಯಿತು. ಫ್ಲುಕೊನಜೋಲ್ ಕೋಶವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಬೆಳೆಯದಂತೆ ತಡೆಯುತ್ತದೆ. ಹಾಗಾಗಿ ಹನ್ನೊಂದನೆಯ ಕುಳಿಗೆ ಹೋಲಿಸಿ, ಬೆಳೆ ಅರ್ಧಕ್ಕಿಳಿದದ್ದು ಎಲ್ಲಿ ಎಂದು ನೋಡಬೇಕು. ಅರ್ಧ ಎಂಬುದನ್ನು ಕಣ್ಣು ಹೇಳಬೇಕು! ಟ್ರಾಪಿಕಾಲಿಸ್ ಇದ್ದರೆ ಕಾಟ ಹೆಚ್ಚು. ಕುಗ್ಗಿದ ಮೇಲೂ ಮಬ್ಬು ಬೆಳೆ ಹೆಚ್ಚು ಮದ್ದಿರುವ ಕುಳಿಗಳಲ್ಲೂ ಉಳಿದಿರುತ್ತದೆ. ಅನುಭವ ಸಾಲದವರು ಅದನ್ನು ಕಂಡು ಪ್ರತಿರೋಧ ಎಂದು ಬರೆದುಬಿಡಬಹುದು. ಇಷ್ಟು ದುಬಾರಿ ಮದ್ದುಗಳ ಹಣೆಬರಹ ಒಬ್ಬರ ಕಣ್ಣಳತೆಯ ಮೇಲೆ ನಿಂತಿರುವುದು ನನಗಂತೂ ಅಚ್ಚರಿ.

ನಾಲ್ಕನೇ ಸಾಲಲ್ಲಿ ಮೇಡಂ ಬೆರಳು ನಿಲ್ಲುತ್ತದೆ. ಟ್ರಾಪಿಕಾಲಿಸ್, 1 ಮೈಕ್ರೊಗ್ರಾಂ. 2ರವರೆಗೂ ಮದ್ದು ನಾಟುತ್ತದೆ ಎಂದೇ ಲೆಕ್ಕ.

ಫೋನಿನಲ್ಲಿ ಐಸಿಯು ಹುಡುಗ ಖುಷಿಯಾಗುತ್ತಾನೆ. "ಹಂಗಾದ್ರೆ ಫ್ಲುಕೊನಜೋಲ್‌ಗೆ ಬದಲಾಯಿಸ್ಲಾ ಮೇಡಂ?"

"ಮತ್ತೆ ಕಳಿಸಿದ ಕಲ್ಚರ್ ನೆಗೆಟಿವ್ ಬರ್ಲಿ. ಸೆಂಟ್ರಲ್ ಲೈನ್ ತೆಗೆದ್ರಾ, ಅದನ್ನ ಹೇಳಿ ಮೊದ್ಲು."