ರೇಂಜ್ ರೋವರ್: ಸುಖ ಸೀಟಿನಲ್ಲೋ, ಸ್ಪ್ರಿಂಗಿನಲ್ಲೋ?

ಹಳ್ಳದಿಣ್ಣೆಯ ರಸ್ತೆಯಲ್ಲಿ ಬಸ್ಸಿನ ಕಡೆಯ ಸೀಟಿನಲ್ಲಿ ಕುಳಿತವರಿಗೆ ಸ್ಪ್ರಿಂಗಿನ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಕೊಡಚಾದ್ರಿಗೆ ಚಿತ್ರೀಕರಣಕ್ಕೆಂದು ಜೀಪಿನಲ್ಲಿ ಹೋದಾಗ ನಾವು ಕ್ಯಾಮೆರಾವನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದೆವು. ಕ್ಯಾಮೆರಾ ಉಳಿಯಿತು, ಸೊಂಟ ಎರಡು ದಿನ ನೋಯಿತು. ಕಾಡುದಾರಿ ಹತ್ತುವ ವಾಹನವೆಂದರೆ ಹೀಗೆ ಕುಲುಕಲೇಬೇಕು ಎಂಬ ನಂಬಿಕೆ ಬಹಳ ಕಾಲ ಇತ್ತು. ಅದನ್ನು ಅಲುಗಿಸಿದ ವಾಹನಗಳಲ್ಲಿ ಮುಖ್ಯವಾದದ್ದು 1970ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ರೇಂಜ್ ರೋವರ್.

ಇದನ್ನು ತಯಾರಿಸಿದ ರೋವರ್ ಕಂಪನಿ 1948ರಲ್ಲೇ ಲ್ಯಾಂಡ್ ರೋವರನ್ನು ಹೊರತಂದಿತ್ತು. ಅದು ಹೊಲಗದ್ದೆಯಲ್ಲಿ ದುಡಿಯುವ ಗಟ್ಟಿ ಆಳು. ಜೀಪಿನಲ್ಲಿರುವಂತೆಯೇ ಅದರಲ್ಲೂ ಉಕ್ಕಿನ ಪಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನು ಪಟ್ಟೆಯ ಸ್ಪ್ರಿಂಗುಗಳಿದ್ದವು. ರೇಂಜ್ ರೋವರನ್ನು ರೂಪಿಸಿದ ಚಾರ್ಲ್ಸ್ ಸ್ಪೆನ್ಸರ್ ಕಿಂಗ್ ಮತ್ತು ಅವರ ಸಂಗಡಿಗರು ಆ ಪಟ್ಟೆಗಳನ್ನು ಬಿಟ್ಟು, ನಾಲ್ಕೂ ಚಕ್ರಗಳಿಗೆ ಉದ್ದನೆಯ, ಮೆದುವಾದ ಸುರುಳಿ ಸ್ಪ್ರಿಂಗುಗಳನ್ನು ಹಾಕಿದರು.

ಮೆದು ಎಂದರೆ ಎಷ್ಟು ಮೆದು? ತೆರೆಯ ಮೇಲೆ ಇದನ್ನು ತೋರಿಸುವುದು ಸುಲಭ. ಇಲ್ಲಿ ನಾವು ಲೆಕ್ಕ ಮಾಡಿಯೇ ನೋಡಬೇಕು. ಭಾರ ಹೊತ್ತು ನಿಂತ ಸ್ಪ್ರಿಂಗು ಎಷ್ಟು ಕುಗ್ಗಿದೆ ಎಂಬುದು ಗೊತ್ತಿದ್ದರೆ ಸಾಕು, ಅದರ ಆಂದೋಲನದ ಆವೃತ್ತಿ ಸಿಗುತ್ತದೆ. ಗುರುತ್ವ ವೇಗೋತ್ಕರ್ಷವನ್ನು, ಅಂದರೆ 9.8ನ್ನು, ಮೀಟರಿನಲ್ಲಿ ಹೇಳಿದ ಕುಗ್ಗುವಿಕೆಯಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿರಿ. ಸ್ಪ್ರಿಂಗು 6 ಸೆಂಟಿಮೀಟರ್ ಕುಗ್ಗಿದ್ದರೆ ಗಾಡಿ ಸೆಕೆಂಡಿಗೆ ಸುಮಾರು 2 ಸಲ ಕುಣಿಯುತ್ತದೆ. 25 ಸೆಂಟಿಮೀಟರ್ ಕುಗ್ಗಿದ್ದರೆ ಒಂದೇ ಸಲ. ನಮ್ಮ ದೇಹಕ್ಕೆ ಸೆಕೆಂಡಿಗೆ ಒಂದರ ಆಸುಪಾಸಿನ ನಿಧಾನವಾದ ತೂಗಾಟ ಹಿತ. ಸೆಕೆಂಡಿಗೆ 4ರಿಂದ 8ರವರೆಗಿನ ಮೇಲೆ ಕೆಳಗಿನ ಅಲುಗಾಟವಂತೂ ಹೊಟ್ಟೆಯ ಒಳಗಿನ ಅಂಗಗಳನ್ನೇ ಕುಲುಕಿಸುತ್ತದೆ.

ಆದರೆ ನಿಜವಾದ ಸ್ವಾರಸ್ಯ ಇನ್ನೊಂದು ಕಡೆ ಇದೆ. ನೀವು ಕೇಳಬಹುದು, ಸುಖಕ್ಕಾಗಿ ಸ್ಪ್ರಿಂಗನ್ನು ಮೆದು ಮಾಡಿದರೆ ಕಾಡುದಾರಿಯಲ್ಲಿ ಗಾಡಿ ಸೋಲುವುದಿಲ್ಲವೇ? ಸೋಲುವುದಿಲ್ಲ, ಗೆಲ್ಲುತ್ತದೆ. ಗುಂಡಿಯ ಮೇಲೆ ನೇತಾಡುವ ಚಕ್ರಕ್ಕೆ ಹಿಡಿತವಿಲ್ಲ. ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯ ಸ್ವಭಾವವೇ ಹಾಗೆ: ನೆಲ ಹಿಡಿದ ಚಕ್ರ ಸುಮ್ಮನೆ ನಿಲ್ಲುತ್ತದೆ, ಗಾಳಿಯಲ್ಲಿರುವ ಚಕ್ರ ಗಿರಗಿರನೆ ತಿರುಗುತ್ತದೆ. ಉದ್ದನೆಯ ಮೆದು ಸ್ಪ್ರಿಂಗು ಚಕ್ರವನ್ನು ಗುಂಡಿಯೊಳಗೆ ಇಳಿಸಿ ನೆಲ ಮುಟ್ಟಿಸುತ್ತದೆ. ಅಜ್ಜಿಯ ಬೆನ್ನನ್ನು ಕಾಯುವ ಸ್ಪ್ರಿಂಗೇ ಕೆಸರಿನಿಂದ ಗಾಡಿಯನ್ನೂ ಎತ್ತುತ್ತದೆ!

ಮೆದು ಸ್ಪ್ರಿಂಗಿಗೆ ಒಂದು ದೌರ್ಬಲ್ಯವುಂಟು. ಸಂಸಾರ ಸಮೇತ ಹತ್ತಿ, ಹಿಂದೆ ಸಾಮಾನು ಪೇರಿಸಿದರೆ ಗಾಡಿಯ ಹಿಂಭಾಗ ಕುಸಿಯುತ್ತದೆ. ನಿಮ್ಮ ಬೀದಿಯಲ್ಲಿ ನಿಂತ ಯಾವುದಾದರೂ ವ್ಯಾನಿನಲ್ಲಿ ಇದನ್ನು ಅಳೆದು ನೋಡಿ: ಜನ ಹತ್ತುವ ಮುನ್ನ ಮತ್ತು ಹತ್ತಿದ ಮೇಲೆ ಹಿಂದಿನ ಬಂಪರಿನ ಎತ್ತರ. ರೇಂಜ್ ರೋವರಿನಲ್ಲಿ ಇದಕ್ಕಾಗಿ ಹಿಂದಿನ ಆಕ್ಸಲಿಗೆ ಒಂದು ಸಾಧನ ಸೇರಿಸಿದರು. ರಸ್ತೆಯ ಕುಲುಕಾಟದಿಂದಲೇ ಅದು ತನ್ನನ್ನು ತಾನು ಪಂಪು ಮಾಡಿಕೊಂಡು ಕುಸಿದ ಭಾಗವನ್ನು ಮೇಲೆತ್ತುತ್ತಿತ್ತು. 1992ರಲ್ಲಿ ಉಕ್ಕಿನ ಸುರುಳಿಯ ಜಾಗಕ್ಕೆ ಗಾಳಿ ತುಂಬಿದ ಸ್ಪ್ರಿಂಗು ಬಂತು. ಭಾರ ಹೆಚ್ಚಿದಂತೆ ಗಾಳಿಯ ಒತ್ತಡವನ್ನೂ ಹೆಚ್ಚಿಸಿದರೆ ಸ್ಪ್ರಿಂಗಿನ ಬಿಗಿತ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹೀಗಾಗಿ ಗಾಡಿ ಖಾಲಿಯಿರಲಿ, ತುಂಬಿರಲಿ, ತೂಗಾಟ ಹೆಚ್ಚುಕಡಿಮೆ ಒಂದೇ. ಹತ್ತಿ ಇಳಿಯುವಾಗ ಗಾಡಿಯನ್ನು ತಗ್ಗಿಸಲೂಬಹುದು. ಮೊಣಕಾಲು ನೋವಿನವರಿಗೆ ಇದು ಚರ್ಮದ ಸೀಟಿಗಿಂತ ದೊಡ್ಡ ಉಪಕಾರ.

ಚರ್ಮದ ಸೀಟು ಎಂದೆನಲ್ಲವೇ? 1970ರ ಗಾಡಿಯಲ್ಲಿ ಅದಿರಲೇ ಇಲ್ಲ. ರೆಕ್ಸಿನ್ನಿನಂಥ ಪ್ಲಾಸ್ಟಿಕ್ ಹೊದಿಕೆಯ ಸೀಟು, ರಬ್ಬರಿನ ಚಾಪೆ. ಕೆಸರಾದರೆ ಪೈಪಿನಿಂದ ನೀರು ಹಾಯಿಸಿ ತೊಳೆಯಬಹುದಿತ್ತು. ಹಿಂಬಾಗಿಲು ಎರಡು ಭಾಗವಾಗಿ ತೆರೆಯುತ್ತಿತ್ತು, ಕೆಳಗಿನ ಭಾಗ ಬೆಂಚಿನಂತೆ ಕೂರಲು ಒದಗುತ್ತಿತ್ತು. ಆದರೆ ಪಕ್ಕದ ಬಾಗಿಲುಗಳು ಎರಡೇ! ಹಿಂದೆ ಕೂರುವವರು ಮುಂದಿನ ಸೀಟನ್ನು ಮಡಚಿ ನುಸುಳಬೇಕಿತ್ತು. ಕಾರ್ಖಾನೆಯಿಂದಲೇ ನಾಲ್ಕು ಬಾಗಿಲಿನ ಗಾಡಿ ಬಂದದ್ದು 1981ರಲ್ಲಿ. ಹನ್ನೊಂದು ವರ್ಷ ಯಾಕೆ ಕಾಯಿಸಿದರೋ! ಮರದ ಅಲಂಕಾರ, ಚರ್ಮ, ರತ್ನಗಂಬಳಿಗಳೆಲ್ಲ ಆಮೇಲಿನವು. ಬೆಲೆ ಏರಿದ ಹಾಗೆ ಬಂದ ಒಡವೆಗಳು.

ಇಷ್ಟೆಲ್ಲ ಸುಖಕ್ಕೆ ತೆರಬೇಕಾದ ಬೆಲೆ ಇರಲೇಬೇಕಲ್ಲ. ಗಾಡಿ ಎತ್ತರವಾದ್ದರಿಂದ ಗುರುತ್ವ ಕೇಂದ್ರವೂ ಎತ್ತರ. ಜೊತೆಗೆ ಮೆದು ಸ್ಪ್ರಿಂಗು. ತಿರುವಿನಲ್ಲಿ ಹಳೆಯ ರೇಂಜ್ ರೋವರ್ ದೋಣಿಯಂತೆ ವಾಲುತ್ತಿತ್ತು. ವಾಲುವಿಕೆ ತಡೆಯುವ ಉಕ್ಕಿನ ಸರಳುಗಳನ್ನು ಮುಂದೆ ಸೇರಿಸಬೇಕಾಯಿತು. ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಇಂಥ ನಿಧಾನದ ತೊನೆದಾಟವೇ ಶತ್ರು. 3.5 ಲೀಟರಿನ, ಎಂಟು ಸಿಲಿಂಡರಿನ ಎಂಜಿನ್ನು ಪೆಟ್ರೋಲನ್ನು ಧಾರಾಳವಾಗಿ ಕುಡಿಯುತ್ತಿತ್ತು. 1970ರ ಗಾಡಿಯ ತೂಕ ಒಂದೂಮುಕ್ಕಾಲು ಟನ್ನಿನಷ್ಟು. ಇಂದಿನದು ಎರಡು ಟನ್ನು ಮೀರಿದೆ. ಲ್ಯಾಂಡ್ ರೋವರನ್ನು 2008ರಲ್ಲಿ ಟಾಟಾ ಮೋಟಾರ್ಸ್ ಕೊಂಡಿತು. ರೇಂಜ್ ರೋವರ್ ಈಗ ನಮ್ಮ ನಗರಗಳಲ್ಲೂ ಕಾಣಸಿಗುತ್ತದೆ, ಸಾಮಾನ್ಯವಾಗಿ ಕೆಸರು ತಾಕದ ಚಕ್ರಗಳೊಂದಿಗೆ.

ಈ ಬಗ್ಗೆ ಕಿಂಗ್ ಅವರಿಗೇ ಸಮಾಧಾನವಿರಲಿಲ್ಲ. ಹೊಲಕ್ಕೂ ಹೆದ್ದಾರಿಗೂ ಒಗ್ಗುವಂತೆ ತಾವು ರೂಪಿಸಿದ ಬಗೆಯ ವಾಹನವನ್ನು ಪೇಟೆಯೊಳಗೆ ಮಕ್ಕಳನ್ನು ಶಾಲೆಗೆ ಬಿಡಲು ಬಳಸುವುದು ಶುದ್ಧ ಮೂರ್ಖತನವೆಂದು ಅವರು 2004ರಲ್ಲಿ ಬಹಿರಂಗವಾಗಿಯೇ ಹೇಳಿದರು. ಆಗ ಅವರಿಗೆ ಎಪ್ಪತ್ತೊಂಬತ್ತು ವರ್ಷ.